ಡೇಟಾಬೇಸ್ ಪಾಠ ಪಹಣಿಯಿಂದ ಶುರುವಾಗಲಿ

ಬಿಸಿಎ ತರಗತಿಗೆ ನಾನು ಡೇಟಾಬೇಸ್ ಕಲಿಸುತ್ತೇನೆ. ಮೂರನೇ ನಾರ್ಮಲ್ ಫಾರ್ಮ್ ಎಂದರೇನು ಎಂದು ಕೇಳಿದರೆ ನಮ್ಮ ಮಕ್ಕಳು ಪಠ್ಯದ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಅವರ ಮನೆಯ ಪಹಣಿಯನ್ನೇ ಮುಂದಿಟ್ಟು, ಇದಕ್ಕೆ ಎಷ್ಟು ಟೇಬಲ್ ಬೇಕು ಎಂದರೆ ಪೆನ್ನು ಓಡುವುದಿಲ್ಲ. ಪರೀಕ್ಷೆ ಕೇಳುವುದೇ ವ್ಯಾಖ್ಯೆಯನ್ನು. ಮಕ್ಕಳನ್ನು ದೂರಿ ಫಲವಿಲ್ಲ.

ಪಠ್ಯದ ಉದಾಹರಣೆಗಳೆಲ್ಲ ಕಂಪನಿ, ಮ್ಯಾನೇಜರ್, ಸಂಬಳದವು. ರೈತರ ಮನೆಯ ಹುಡುಗಿಗೆ ಜಮೀನಿನ ಲೆಕ್ಕ ಅದಕ್ಕಿಂತ ಚೆನ್ನಾಗಿ ಗೊತ್ತು. ಒಂದು ಸರ್ವೆ ನಂಬರಿಗೆ ಮೂವರು ಅಣ್ಣತಮ್ಮಂದಿರು ಜಂಟಿ ಖಾತೆದಾರರು. ಹಿರಿಯವನಿಗೆ ಇನ್ನೊಂದು ಸರ್ವೆ ನಂಬರಿನಲ್ಲೂ ಪಾಲು. ಖಾತೆದಾರರದು ಒಂದು ಟೇಬಲ್, ಜಮೀನಿನದು ಇನ್ನೊಂದು. ಪಾಲನ್ನು ಬರೆಯುವುದೆಲ್ಲಿ? ಎರಡರಲ್ಲೂ ಅದಕ್ಕೆ ಜಾಗವಿಲ್ಲ. ಮೂರನೇ ಟೇಬಲ್ ಬೇಕೆಂದು ತಾನಾಗಿ ಕಂಡುಕೊಂಡ ಹುಡುಗಿಗೆ ಮೆನಿ-ಟು-ಮೆನಿ ಸಂಬಂಧವನ್ನು ಮತ್ತೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಊರಿನಲ್ಲಿ ನಾಲ್ವರು ಸಿದ್ದಪ್ಪಂದಿರು ಇರಬಹುದೆಂದು ನೆನಪಾದ ಕೂಡಲೇ, ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಹೆಸರು ಆಗಲಾರದೆಂಬುದೂ ಹೊಳೆಯುತ್ತದೆ.

ವಿಸ್ತೀರ್ಣದ ಕಾಲಂ ಇನ್ನೂ ಚೆನ್ನ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು, ಒಂದು ಎಕರೆ ಇಪ್ಪತ್ತೈದು ಗುಂಟೆಯನ್ನು 1.25 ಎಂದು ದಶಮಾಂಶದಲ್ಲಿ ಬರೆದರೆ ಕಂಪ್ಯೂಟರ್ ಕೂಡಿಸಿ 2.45 ಎನ್ನುತ್ತದೆ. ಎಕರೆಗೆ 40 ಗುಂಟೆ; ಸರಿಯುತ್ತರ ಮೂರು ಎಕರೆ ಐದು ಗುಂಟೆ. ಎಲ್ಲವನ್ನೂ ಗುಂಟೆಯಲ್ಲೇ ಇಡಿ: 60ಕ್ಕೆ 65 ಸೇರಿ 125. ಡೇಟಾ ಟೈಪ್ ಆಯ್ಕೆ ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಟ್ರಾನ್ಸಾಕ್ಷನ್ ಕೂಡ ಇಲ್ಲೇ ಇದೆ: ಮಾರಿದವನ ಖಾತೆಯಿಂದ ಹತ್ತು ಗುಂಟೆ ಕಳೆದು, ಕೊಂಡವನಿಗೆ ಸೇರಿಸುವ ಮೊದಲೇ ಕರೆಂಟು ಹೋದರೆ ಆ ಹತ್ತು ಗುಂಟೆ ಯಾರದು? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು.

ಎಡ್ಗರ್ ಕಾಡ್ ಐಬಿಎಂನಲ್ಲಿದ್ದಾಗ ಟೇಬಲ್ಲುಗಳ ಈ ರಿಲೇಷನಲ್ ಮಾದರಿಯನ್ನು ಮುಂದಿಟ್ಟದ್ದು 1970ರಲ್ಲಿ. ಮಾಹಿತಿ ಯಂತ್ರದೊಳಗೆ ಎಲ್ಲಿ, ಹೇಗೆ ಕುಳಿತಿದೆ ಎಂಬ ಗೊಡವೆ ಬಳಸುವವರಿಗೆ ಇರಬಾರದು ಎಂಬುದು ಅವರ ವಾದ. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಮೊದಲ ರೂಪವನ್ನು ಪ್ರಕಟಿಸಿದ್ದು 1974ರಲ್ಲಿ. ಮೊದಲು ವಿಚಾರ, ಆಮೇಲೆ ಕಮಾಂಡು. ನಮ್ಮ ಲ್ಯಾಬ್‌ಗಳಲ್ಲಿ ಇದು ತಿರುಗುಮುರುಗು: ಮೊದಲ ವಾರವೇ ಸೆಲೆಕ್ಟ್ ಕಮಾಂಡು ಟೈಪ್ ಮಾಡಿಸುತ್ತೇವೆ. ಇಂದು ಆ ಸಾಲನ್ನು ಎಐ ಕೂಡ ಬರೆದುಕೊಡುತ್ತದೆ. ಯಾವ ಸಂಗತಿ ಯಾವ ಟೇಬಲ್ಲಿಗೆ ಸೇರಬೇಕೆಂದು ತೀರ್ಮಾನಿಸಲು ಜಮೀನಿನ ವ್ಯವಹಾರ ಬಲ್ಲವರೇ ಬೇಕು.

ಸಲಕರಣೆಯ ನೆಪ ಬೇಡ. ಮೊದಲ ತಿಂಗಳಿಗೆ ಕಾಗದ, ಪೆನ್ಸಿಲ್ ಸಾಕು. ಆಮೇಲೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ಅರ್ಧ ಅಂಕಗಳನ್ನು ವಿದ್ಯಾರ್ಥಿ ಮೊದಲು ನೋಡಿರದ ಒಂದು ದಾಖಲೆಗೆ ಮೀಸಲಿಡಿ. ಪಹಣಿ ಬೇಡವೆಂದರೆ ಹಾಲಿನ ಡೇರಿಯ ಪುಸ್ತಕ ಕೊಡಿ: ದಿನಾಂಕ, ಲೀಟರ್, ಫ್ಯಾಟ್, ದರ. ತಿಂಗಳ ನಡುವೆ ದರ ಬದಲಾದರೆ ಅದನ್ನು ಯಾವ ಟೇಬಲ್ಲಿನಲ್ಲಿ ಬರೆಯುತ್ತೀರಿ, ಏಕೆ ಎಂದು ಹತ್ತು ಅಂಕಕ್ಕೆ ಕೇಳಿ.