ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಬಟ್ಟೆ ಮೇಲು

ಮಳೆಗಾಲ ಮುಗಿದು ಚಳಿ ಇನ್ನೂ ಗಟ್ಟಿಯಾಗದ ಅಕ್ಟೋಬರ್-ನವೆಂಬರ್ ದಿನಗಳಲ್ಲಿ ದವಾಖಾನೆಗೆ ಬರುವವರ ದೂರು ಹೆಚ್ಚಾಗಿ ಎರಡೇ. ಒಂದು ನಜ್ಲಾ-ಜುಕಾಮ್, ಅಂದರೆ ನೆಗಡಿ, ಕೆಮ್ಮು; ಕೆಲವರಿಗೆ ಅದರ ಜೊತೆ ಉಬ್ಬಸ. ಇನ್ನೊಂದು ತೊಡೆಸಂದು, ಕಂಕುಳು, ಸೊಂಟದ ಸುತ್ತ ತುರಿಕೆ. ಮೊದಲನೆಯದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು, ಅದರಲ್ಲೂ ಹೆಣ್ಣುಮಕ್ಕಳು, ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಕೊನೆಗೆ ತಾಯಿಯಿಂದ ಹೇಳಿಸುತ್ತಾರೆ. ಎರಡಕ್ಕೂ ಔಷಧಿ ಬರೆಯುವ ಮೊದಲು ನಾನು ಕೇಳುವುದು ಮೈಮೇಲಿನ ಬಟ್ಟೆಯ ಬಗ್ಗೆ.

ಯುನಾನಿ ವೈದ್ಯದಲ್ಲಿ ಆರೋಗ್ಯವನ್ನು ಕಾಯುವ ಆರು ಅನಿವಾರ್ಯ ಕಾರಣಗಳಿವೆ, ಅಸ್ಬಾಬ್-ಎ-ಸಿತ್ತಾ ಜರೂರಿಯಾ. ಅದರಲ್ಲಿ ಮೊದಲನೆಯದು ಹವಾ. ಇಬ್ನ್ ಸೀನಾ ಅವರು 'ಅಲ್ ಖಾನೂನ್' ಗ್ರಂಥದಲ್ಲಿ ಖರೀಫ್ ಋತುವಿನಲ್ಲಿ ಕಾಯಿಲೆ ಹೆಚ್ಚು ಎಂದು ಬರೆದು, ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ನಡುವೆ ದೇಹ ಓಲಾಡುವುದನ್ನು ಅದರ ಒಂದು ಕಾರಣವಾಗಿ ಕೊಟ್ಟಿದ್ದಾರೆ. (ಇದು ನಮ್ಮ ರೈತರ ಮುಂಗಾರು ಬೆಳೆಯ ಖರೀಫ್ ಅಲ್ಲ, ಬೇಸಿಗೆ ಕಳೆದು ಚಳಿಗೆ ಮೊದಲು ಬರುವ ಶರತ್ಕಾಲ.) ನೆಗಡಿಗೆ ವೈರಸ್ ಕಾರಣ ಎಂಬುದು ಇಂದು ಎಲ್ಲರಿಗೂ ಗೊತ್ತು. ಆದರೆ ಬೆವರಿದ ಮೈಗೆ ತಣ್ಣನೆ ಗಾಳಿ ಬಡಿದರೆ ಉಬ್ಬಸದವರ ಎದೆ ಬಿಗಿಯುತ್ತದೆ ಎಂಬುದನ್ನು ಅನುಭವಿಸಿದವರಿಗೆ ಯಾರೂ ಕಲಿಸಬೇಕಿಲ್ಲ.

ಬೀದರ್, ವಿಜಯಪುರದ ಕಡೆ ನವೆಂಬರಿನಲ್ಲಿ ಮಧ್ಯಾಹ್ನ 30 ಡಿಗ್ರಿ ಮುಟ್ಟಿದ ದಿನವೇ ಬೆಳಗಿನ ಜಾವ 15ಕ್ಕೆ ಇಳಿಯುವುದುಂಟು. ಹೀಗೆ ದಿನಕ್ಕೆರಡು ಹವೆ ಇರುವಾಗ ಬೇಕಾದದ್ದು ತೊಡಲು, ಕಳಚಲು ಸುಲಭವಾದ ಬಟ್ಟೆ. ನಾವು ಮಾಡುವುದು ಇದಕ್ಕೆ ವಿರುದ್ಧ. ಬೀರುವಿನಿಂದ ದಪ್ಪ ಸ್ವೆಟರ್ ತೆಗೆದು ಏಳು ಗಂಟೆಗೆ ಮಗುವಿಗೆ ತೊಡಿಸಿ ಶಾಲೆಗೆ ಕಳಿಸುತ್ತೇವೆ. ಒಳಗೆ ತೋಳಿಲ್ಲದ ಬನಿಯನ್ನೂ ಇರುವುದಿಲ್ಲ. ಹನ್ನೊಂದರ ಹೊತ್ತಿಗೆ ಮಗು ಬೆವರುತ್ತದೆ, ಕಳೆದುಹೋದರೆ ಬೈಸಿಕೊಳ್ಳಬೇಕೆಂದು ಸ್ವೆಟರ್ ಬಿಚ್ಚುವುದಿಲ್ಲ, ಆ ಬೆವರಿನಲ್ಲೇ ಸಂಜೆಯವರೆಗೆ ಕೂರುತ್ತದೆ. ಒಳಗೊಂದು ತೆಳುವಾದ ಹತ್ತಿಯ ಬನಿಯನ್, ಮೇಲೆ ಅಂಗಿ, ಅದರ ಮೇಲೆ ಮುಂದೆ ಗುಂಡಿ ಇರುವ ತೆಳು ಸ್ವೆಟರ್ ಹಾಕಿ. ಎರಡು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ. ಬಿಸಿಲೇರಿದಾಗ ತೆಗೆದು ಚೀಲದಲ್ಲಿಡಲು ಹೇಳಿಕೊಡಿ. ಕಳೆದರೆ ಬೈಯಬೇಡಿ.

ಹಸುಗೂಸುಗಳ ಪಾಡು ಇನ್ನೂ ಕಷ್ಟ. ಉಣ್ಣೆ ಟೋಪಿ, ಕೈಗವಸು, ಅದರ ಮೇಲೆ ದುಪ್ಪಟಿ ಸುತ್ತಿ, ಕಿಟಕಿಯನ್ನೂ ಮುಚ್ಚಿ ಮಲಗಿಸುತ್ತಾರೆ. ಮಗುವಿನ ಕೈಕಾಲು ತಣ್ಣಗಿದೆ ಎಂದು ಅಜ್ಜಿ ಗಾಬರಿಯಾಗುತ್ತಾರೆ. ಕೈಕಾಲು ಮುಟ್ಟಿ ನಿರ್ಧರಿಸಬೇಡಿ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ದೊಡ್ಡವರಿಗಿಂತ ಒಂದು ಪದರ ಹೆಚ್ಚು ಸಾಕು.

ಇನ್ನು ಬುರ್ಖಾದ ವಿಷಯ. ಇದನ್ನು ಗಂಡಸರೂ ಓದಬೇಕು, ಅಂಗಡಿಯಲ್ಲಿ ಹಣ ಕೊಡುವವರು ಅನೇಕ ಸಲ ಅವರೇ. ನಿದಾ, ಜಾರ್ಜೆಟ್, ಕ್ರೇಪ್ ಎಂಬ ಹೆಸರುಗಳಲ್ಲಿ ಬರುವ ಬಟ್ಟೆಯಲ್ಲಿ ಬಹುಪಾಲು ಪಾಲಿಯೆಸ್ಟರ್. ಅದು ಬೆವರು ಹೀರುವುದಿಲ್ಲ. ಕೆಳಗಿನ ಸಲ್ವಾರ್-ಕಮೀಜೂ ಪಾಲಿಯೆಸ್ಟರ್ ಆದರೆ ಬೆವರಿಗೆ ಹೋಗಲು ದಾರಿಯೇ ಇಲ್ಲ, ಮೈಮೇಲೇ ನಿಲ್ಲುತ್ತದೆ. ಮಡಿಕೆಗಳಲ್ಲಿ ಒದ್ದೆ, ಬಿಸಿ, ಕತ್ತಲು: ಹುಳುಕಡ್ಡಿಗೆ (ದಾದ್) ಇದಕ್ಕಿಂತ ಒಳ್ಳೆಯ ಮನೆ ಬೇಕೆ? ನಾಚಿಕೆಯಿಂದ ವೈದ್ಯರ ಬಳಿ ಬಾರದೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತರಿಸಿ ಹಚ್ಚಿಕೊಳ್ಳುತ್ತಾರೆ. ನಾಲ್ಕು ದಿನ ತುರಿಕೆ ಅಡಗುತ್ತದೆ, ಆಮೇಲೆ ಎರಡು ಪಟ್ಟು ಹರಡುತ್ತದೆ, ಒಂದೇ ಟವೆಲ್ ಬಳಸುವ ಮಕ್ಕಳಿಗೂ ಅಂಟುತ್ತದೆ.

ಪರದೆಗೂ ಈ ತೊಂದರೆಗೂ ಸಂಬಂಧವಿಲ್ಲ, ಸಂಬಂಧ ಇರುವುದು ನೂಲಿಗೆ. ಕಲ್ಲು, ಕಸೂತಿ ನೋಡಿ ದುಬಾರಿಯದೊಂದು ಕೊಳ್ಳುವ ಬದಲು ಅದೇ ಹಣಕ್ಕೆ ಸಾದಾ ಎರಡು ಕೊಳ್ಳಿ, ಉಳಿದದ್ದರಲ್ಲಿ ಒಳಗೆ ತೊಡಲು ತೆಳುವಾದ ಹತ್ತಿಯ ಉಡುಪು ಹೊಲಿಸಿ. ಹೊರಬಟ್ಟೆ ಏನೇ ಇರಲಿ, ಚರ್ಮಕ್ಕೆ ತಾಗುವುದು ಹತ್ತಿಯಾಗಿರಲಿ. ಹತ್ತಿಗೂ ಒಂದು ದೋಷವಿದೆ: ಹೀರಿದ್ದನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ಮನೆಗೆ ಬಂದ ತಕ್ಷಣ ಬದಲಿಸಬೇಕು. ಬುರ್ಖಾದ ಬಣ್ಣ ಹೋಗುತ್ತದೆಂದು ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸುತ್ತೀರಲ್ಲ, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಣ್ಣವೂ ಉಳಿಯುತ್ತದೆ, ಹೊಲಿಗೆಯ ಸಂದಿಯೂ ಒಣಗುತ್ತದೆ.

ಗಂಡಸರಿಗೆ ನಮ್ಮ ಅಜ್ಜಂದಿರ ಸದರಿಯೇ ಸಾಕು. ತೋಳಿಲ್ಲದ ಆ ಜಾಕೀಟು ಎದೆ, ಬೆನ್ನು ಕಾಯುತ್ತದೆ, ವುಜೂ ಮಾಡುವಾಗ ತೋಳು ಮಡಚುವ ಕಷ್ಟವಿಲ್ಲ, ಬಿಸಿಲೇರಿದರೆ ಕಳಚಿ ಹೆಗಲಿಗೆ ಹಾಕಿಕೊಳ್ಳಬಹುದು. ಈಗ ಅದನ್ನು ಮದುವೆಗೆ ಮಾತ್ರ ಹಾಕುತ್ತಾರೆ, ಅದೂ ಮಿಂಚುವ ನೈಲಾನಿನದು! ಫಜ್ರ್‌ಗೆ ಬೈಕಿನಲ್ಲಿ ಹೋಗುವವರು ಕಿವಿ, ಎದೆ ಮುಚ್ಚಿಕೊಳ್ಳಿ. ವುಜೂ ಆದ ಮೇಲೆ ಬೆರಳ ಸಂದಿ ಒರೆಸಿಯೇ ಕಾಲುಚೀಲ ಹಾಕಿ. ಮಸೀದಿಯಲ್ಲಿ ಎಲ್ಲರಿಗೂ ಇಟ್ಟಿರುವ ಟೋಪಿಯ ಬದಲು ನಿಮ್ಮದೇ ಒಂದು ಜೇಬಿನಲ್ಲಿರಲಿ. ತಲೆಯ ಹುಳುಕಡ್ಡಿ ಮಕ್ಕಳಿಗೆ ಟೋಪಿಯಿಂದಲೂ ಬರುತ್ತದೆ.

ಕಡೆಯದಾಗಿ, ಪೆಟ್ಟಿಗೆಯಲ್ಲಿದ್ದ ಉಣ್ಣೆ ಬಟ್ಟೆ, ರಜಾಯಿ, ಕೌದಿಗಳನ್ನು ನೇರ ಮೈಮೇಲೆ ಎಳೆದುಕೊಳ್ಳಬೇಡಿ. ಕೊಡವಿ, ಒಗೆಯುವುದನ್ನು ಒಗೆದು, ಎರಡು ದಿನ ಬಿಸಿಲು ಕಾಣಿಸಿ. ಧೂಳು ಉಬ್ಬಸದವರಿಗೆ ಆಗದು. ಡಾಂಬರು ಗುಳಿಗೆ ಹಾಕಿಟ್ಟ ಬಟ್ಟೆಯನ್ನಂತೂ ಕೂಸಿಗೆ ಹೊದಿಸಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿದ್ದಾರೆ, ನೋಡಿದರೆ ತಿಳಿಯುವುದಿಲ್ಲ. ಆ ಗುಳಿಗೆಯ ನಾಫ್ತಲಿನ್ ಅಂಥ ಮಕ್ಕಳ ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಬಾಣಂತಿ ಇರುವ ಮನೆಯಲ್ಲಿ ಆ ಗುಳಿಗೆಗಳನ್ನು ಇಂದೇ ಪೆಟ್ಟಿಗೆಯಿಂದ ಹೊರಹಾಕಿ, ಒಣಗಿದ ಬೇವಿನ ಎಲೆ ಇಡಿ.