ಹೋಮ್ ನರ್ಸ್ ಸಂದರ್ಶನ ಎರಡೂ ಕಡೆಯಿಂದ ಆಗ್ಲಿ | ಭಾಗ 3

"ಅಮ್ಮತ್ತಿ ಹತ್ರ, 24 ಗಂಟೆ ಇರೋ ಹೋಮ್ ನರ್ಸ್ ಬೇಕು, ಅರ್ಜೆಂಟ್."

ಇಂಥ ಮೆಸೇಜ್ ನಮ್ಮ ಕ್ಲಾಸ್‌ಮೇಟ್ ಗ್ರೂಪುಗಳಲ್ಲಿ ಈಗ ಮಾಮೂಲು. ಮಕ್ಕಳು ಬೆಂಗಳೂರು, ಮೈಸೂರು, ದುಬೈ. ತೋಟದ ಮನೇಲಿ ಅಪ್ಪ-ಅಮ್ಮ ಇಬ್ಬರೇ. ಸಹಾಯ ಬೇಕೇ ಬೇಕು, ಸರಿ. ಆದ್ರೆ 24 ಗಂಟೆ ಕೆಲಸ ಮಾಡೋ ಮನುಷ್ಯರು ಎಲ್ಲೂ ಇಲ್ಲ. ಬಂದವರು ಎರಡೇ ವಾರಕ್ಕೆ ಬಿಟ್ಟು ಹೋದ್ರೆ "ಈಗಿನವರಿಗೆ ನಿಯತ್ತಿಲ್ಲ" ಅಂತೀವಿ. ನಾವು ಕೇಳಿದ್ದೇ ಆಗದ ಕೆಲಸ ಅಲ್ವಾ?

ಮೊದಲು ಯಾರು ಬೇಕು ಅಂತ ತೀರ್ಮಾನ ಮಾಡಿ. ಊಟ, ಸ್ನಾನ, ಕೈಹಿಡಿದು ನಡೆಸೋಕೆ ಅನುಭವ ಇರೋ ಸಹಾಯಕರು ಸಾಕು. ಇಂಜೆಕ್ಷನ್, ಕ್ಯಾಥೆಟರ್, ಗಾಯದ ಡ್ರೆಸ್ಸಿಂಗ್ ಇದ್ರೆ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರೇ ಬೇಕು. "ಹೋಮ್ ನರ್ಸ್" ಅಂತ ಬರೋರೆಲ್ಲ ನರ್ಸ್ ಅಲ್ಲ. ಕೇಳಿ ನೋಡಿ.

ಸಂದರ್ಶನಕ್ಕೆ ಅಪ್ಪ-ಅಮ್ಮನೂ ಕೂತಿರ್ಲಿ. ಮೈ ತೊಳೆಸಿಕೊಳ್ಳೋದು ಅವರು, ನಾವಲ್ಲ. ಅಪ್ಪನಿಗೆ ಗಂಡಸರೇ ಬೇಕಾ ಅಂತ ಅವರನ್ನೇ ಕೇಳಿ. ಸ್ಟ್ರೋಕ್ ಆದವರಿಗೆ ಕೊಡವ ತಕ್ಕ್ ಬಿಟ್ಟು ಬೇರೆ ಮಾತು ಕಷ್ಟ ಆಗ್ಬಹುದು. ಬರೋರಿಗೆ ಆ ಭಾಷೆ ಅರ್ಥ ಆಗುತ್ತಾ? ಮನೇಲಿ ಪಂದಿ ಕರಿ ಮಾಡಿದ್ರೆ ಅವರಿಗೆ ತೊಂದರೆ ಇಲ್ವಾ? ಇದು ಚಿಕ್ಕ ವಿಷಯ ಅಲ್ಲ, ಜಗಳ ಶುರುವಾಗೋದೇ ಇಲ್ಲಿಂದ.

"ಎಷ್ಟು ವರ್ಷ ಅನುಭವ?" ಅಂತ ಕೇಳಿದ್ರೆ ಸಾಲದು. "ರಾತ್ರಿ ಬಾತ್‌ರೂಮಲ್ಲಿ ಅಪ್ಪ ಬಿದ್ರೆ ಮೊದಲು ಏನ್ ಮಾಡ್ತೀರಾ?" ಅಂತ ಕೇಳಿ. "ತಕ್ಷಣ ಎಳೆದು ಎಬ್ಬಿಸ್ತೀನಿ" ಅಂದ್ರೆ ಯೋಚನೆ ಮಾಡಿ. ಪ್ರಜ್ಞೆ ಇದೆಯಾ, ಎಲ್ಲಿ ನೋವು ಅಂತ ನೋಡಿ, ಜನ ಕರೀತೀನಿ, 108ಕ್ಕೆ ಫೋನ್ ಮಾಡ್ತೀನಿ ಅನ್ನೋರು ಕೆಲಸ ಗೊತ್ತಿರೋರು. ಹಿಂದೆ ಕೆಲಸ ಮಾಡಿದ ಎರಡು ಮನೆಗೆ ನೀವೇ ಫೋನ್ ಮಾಡಿ. ಒಂದು ವಾರ ಸಂಬಳ ಕೊಟ್ಟೇ ಟ್ರಯಲ್ ಇಡಿ.

ಈಗ ನಾವು ಉತ್ತರ ಕೊಡಬೇಕಾದ ಪ್ರಶ್ನೆಗಳು. ಮಲಗೋಕೆ ಚಿಲಕ ಇರೋ ರೂಮ್ ಇದೆಯಾ? ರಾತ್ರಿ ನಾಲ್ಕು ಸಲ ಎದ್ರೆ ಹಗಲು ನಿದ್ದೆಗೆ ಯಾರು ಬಿಡ್ತಾರೆ? ವಾರದ ರಜೆ ಯಾವತ್ತು? ಬೆಂಗಳೂರಲ್ಲಿ ಶಿಫ್ಟ್ ಮುಗಿಸಿ ಬಸ್ ಹತ್ತಬಹುದು. ನಮ್ಮಲ್ಲಿ ಕತ್ತಲಾದ್ಮೇಲೆ ತೋಟದ ದಾರೀಲಿ ಆನೆ ಭಯ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮನೇಲೇ ಉಳಿಯೋರಿಗೆ ಬಿಡುವು ನಾವೇ ಮಾಡಿಕೊಡಬೇಕು. ಹಗಲಿಗೆ ಲೈನ್ ಮನೆಯವರೊಬ್ಬರನ್ನ ಜೊತೆಗೆ ಇಟ್ಕೊಳ್ಳೋದು ಒಳ್ಳೇ ದಾರಿ. ಆದ್ರೆ ಕಾಫಿ ಕುಯ್ಲಿನ ಟೈಮಲ್ಲಿ ಅವರು ಸಿಗೋದು ಕಷ್ಟ, ಮೊದಲೇ ಮಾತಾಡಿಡಿ.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು. ಅಂದ್ರೆ ಇದು ಉಪಕಾರ ಅಲ್ಲ, ಉದ್ಯೋಗ. ಕೆಲಸ, ಸಮಯ, ಸಂಬಳ, ರಜೆ ಎಲ್ಲಾ ಒಂದು ಹಾಳೆ ಮೇಲೆ ಬರೀರಿ, ಇಬ್ಬರ ಹತ್ರನೂ ಒಂದೊಂದು ಪ್ರತಿ ಇರ್ಲಿ. ಹಿರಿಯರ ಸಹಾಯವಾಣಿ 14567 ಅಪ್ಪ-ಅಮ್ಮನ ಫೋನಲ್ಲಿ ಸೇವ್ ಮಾಡಿ. ಅವರಿಗೂ ದೂರು ಹೇಳೋ ದಾರಿ ಬೇಕು.

ಅಪ್ಪ-ಅಮ್ಮನ ಜೊತೆ ದಿನಾ ಇರೋದು ನಾವಲ್ಲ, ಆ ವ್ಯಕ್ತಿ. ಅವರಿಗೆ ನಿದ್ದೆ, ಮರ್ಯಾದೆ ಎರಡೂ ಸಿಕ್ಕಿದ್ರೆ ಅಪ್ಪ-ಅಮ್ಮನಿಗೂ ತಾಳ್ಮೆ ಸಿಗುತ್ತೆ.

ನಿಮ್ಮನೇಲಿ ಯಾವ ಪ್ರಶ್ನೆ ಉಪಯೋಗಕ್ಕೆ ಬಂತು? ಕಾಮೆಂಟಲ್ಲಿ ಹೇಳಿ.

#ಅಮ್ಮತ್ತಿ #ಕೊಡಗು #ಅಪ್ಪಅಮ್ಮ