ಗಣಕಯಂತ್ರದ ಪಾಠದಲ್ಲಿ ತಪ್ಪುಗಳು

ವಿದ್ಯಾರ್ಥಿನಿಯ ಪ್ರೋಗ್ರಾಮು ಕೆಟ್ಟು ನಿಂತಾಗ ಉಪಾಧ್ಯಾಯಿನಿಯು ಕೀಲಿಮಣೆಯನ್ನು ತನ್ನೆಡೆಗೆ ಎಳೆದುಕೊಂಡು ತಾನೇ ಸರಿಪಡಿಸಿಕೊಡುವುದು ಬಹುಕಡೆ ರೂಢಿಯಾಗಿದೆ. ಇದು ಉಪಕಾರವೆಂದು ತೋರಿದರೂ ಬಾಲಕಿಗೆ ಅಪಕಾರವೇ ಎಂಬುದು ನನ್ನ ಅಭಿಪ್ರಾಯವು.

ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಬರುವ ಒಂಬತ್ತನೆಯ ಇಯತ್ತೆಯ ಬಾಲಕಿಯೊಬ್ಬಳು ಪೈಥಾನ್ ಭಾಷೆಯಲ್ಲಿ, ಟಿಕಿಂಟರ್ ಎಂಬ ಸಾಧನದಿಂದ, ಪರದೆಯ ಮೇಲೆ ಚಿಕ್ಕದೊಂದು ಕಿಟಿಕಿಯನ್ನು ರಚಿಸಿದ್ದಳು. ಅದರಲ್ಲಿ ಒಂದು ಅಂಕೆ, ಕೆಳಗೊಂದು ಗುಂಡಿ. ಸಂಜೆ ಕುರಿಗಳು ಹಟ್ಟಿಯನ್ನು ಸೇರುವಾಗ ಕುರಿಗೊಮ್ಮೆ ಗುಂಡಿಯನ್ನೊತ್ತಿದರೆ ಲೆಕ್ಕವು ಸೊನ್ನೆಯಿಂದ ಏರಬೇಕು. ಆದರೆ ಕಿಟಿಕಿಯು ತೆರೆದೊಡನೆಯೇ 1 ಎಂದು ತೋರಿತು. ಅನಂತರ ಎಷ್ಟು ಒತ್ತಿದರೂ ಅಲುಗಲಿಲ್ಲ. ದೋಷವನ್ನು ಸೂಚಿಸುವ ಕೆಂಪಕ್ಷರಗಳೂ ಕಾಣಲಿಲ್ಲ. "ಅಕ್ಕೋರ, ನಾ ಊರಿನ ಹೆಸರಿಗೆ ತಕ್ಕಂಗ ದಡ್ಡೀನ ನೋಡ್ರಿ" ಎಂದು ಕಣ್ಣೀರು ತಂದಳು.

ದೋಷವು ನನಗೆ ಕೂಡಲೇ ಕಂಡಿತ್ತು. ಕೈಯೂ ಮುಂದೆ ಹೋಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ತಡೆದುಕೊಂಡು, "ಲೆಕ್ಕ ಏರಿಸೋ ಫಂಕ್ಷನ್ ಯಾವಾಗ ನಡೀತೈತಿ, ತಂಗಿ?" ಎಂದಷ್ಟೇ ಕೇಳಿದೆನು. ಅವಳು ಆ ಫಂಕ್ಷನ್ನಿನೊಳಗೆ ಪ್ರಿಂಟ್ ಆಜ್ಞೆಯ ಸಾಲೊಂದನ್ನು ಸೇರಿಸಿ ನೋಡಿದಳು. ಕಿಟಿಕಿಯು ತೆರೆಯುವಾಗ ಆ ಮಾತು ಒಮ್ಮೆ ಮೂಡಿತು. ಗುಂಡಿಯನ್ನೊತ್ತಿದಾಗ ಮೂಡಲೇ ಇಲ್ಲ. ಆಗ ಅವಳ ದೃಷ್ಟಿಯು ಗುಂಡಿಯನ್ನು ರಚಿಸಿದ ಸಾಲಿಗೆ ಹೊರಳಿತು. 'ಕಮಾಂಡ್' ಎಂಬಲ್ಲಿ ಫಂಕ್ಷನ್ನಿನ ಹೆಸರನ್ನು ಮಾತ್ರ ಕೊಡಬೇಕಾಗಿತ್ತು. ಅವಳು ಹೆಸರಿನ ಮುಂದೆ ಎರಡು ಕಂಸಗಳನ್ನೂ ಬರೆದಿದ್ದಳು. ಕಂಸಗಳಿದ್ದರೆ ಪೈಥಾನು ಆ ಕೆಲಸವನ್ನು ಆ ಕ್ಷಣವೇ ಮಾಡಿ ಮುಗಿಸುತ್ತದೆ, ಗುಂಡಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಬಾಗಿಲು ತೆಗೆಯುವ ಮೊದಲೇ ಒಂದು ಕುರಿಯು ಒಳಗೆ ಸೇರಿದ್ದು ಹೀಗೆ! ಅಳಿಸಲು ಒಂದು ನಿಮಿಷ, ಹುಡುಕಲು ಒಂದೂವರೆ ತಾಸು.

ಅಷ್ಟು ಹೊತ್ತು ಒಬ್ಬಳಿಗೇ ಕೊಟ್ಟರೆ ಪಾಠಗಳು ಮುಗಿಯುವುದೆಂತು ಎಂದು ಸಹೋದ್ಯೋಗಿನಿಯರು ಆಕ್ಷೇಪಿಸಿದರು. ಯಂತ್ರಗಳು ಕೆಲವೇ, ಬಾಲಕಿಯರು ಅನೇಕರು. ಅವರ ಮಾತು ಸುಳ್ಳಲ್ಲ. ಹತ್ತು ಅಭ್ಯಾಸಗಳಿಗೆ ಬದಲಾಗಿ ನಾಲ್ಕನ್ನೇ ಮಾಡಿಸಿರೆಂದು ಹೇಳಿದ್ದೇನೆ. ಅವಳ ಕಣ್ಣೀರಿಗಾದರೋ ನಾವೂ ಹೊಣೆಗಾರರು. ತಪ್ಪಿನ ಮೇಲೆ ಕೆಂಪು ಶಾಯಿಯ ಗೆರೆಯನ್ನು ವರ್ಷಗಟ್ಟಲೆ ಎಳೆದೆವು. ಅದರ ಬೆನ್ನುಹತ್ತುವುದನ್ನು ಕಲಿಸಲಿಲ್ಲ.

1947ನೆಯ ಇಸವಿ ಸಪ್ಟಂಬರ 9ರಂದು ಅಮೇರಿಕೆಯ ಹಾರ್ವರ್ಡ್ ವಿದ್ಯಾಲಯದ ಮಾರ್ಕ್ 2 ಗಣಕದ ರಿಲೇಯಲ್ಲಿ ಪತಂಗವೊಂದು ಸಿಕ್ಕಿದಾಗ ಅಲ್ಲಿಯವರು ಅದನ್ನು ಎಸೆಯದೆ, ದಿನಚರಿಯ ಪುಸ್ತಕದಲ್ಲಿ ಅಂಟಿಸಿ ವೇಳೆಯನ್ನೂ ಬರೆದಿಟ್ಟರು. ನಮ್ಮ ಬಾಲಕಿಯರಿಗೂ ತಪ್ಪುಗಳದೊಂದು ವಹಿ ಇರಬೇಕು, ಅದಕ್ಕೆ ಗುಣಗಳನ್ನೂ ಕೊಡಬೇಕು. ದಡ್ಡಿಯ ಬಾಲಕಿಯು ತನ್ನ ವಹಿಯ ಮೊದಲನೆಯ ಪುಟದಲ್ಲಿ ಎರಡು ಕಂಸಗಳನ್ನು ದೊಡ್ಡದಾಗಿ ಬರೆದು, ಅಂದಿನ ತಾರೀಖನ್ನು ಹಾಕಿದ್ದಾಳೆ.